ಹಳದಿ ಪುಸ್ತಕದಲ್ಲಿ ಕನ್ನಡಕ್ಕೂ ಜಾಗವಿದೆ, ಕೇಳೋಣ ಬನ್ನಿ!



ಮೈಗೆ ಚುಚ್ಚಿಸಿಕೊಂಡವರು ನಾವು. ನೋವು ತಿಂದವರು ನಾವು. ಎರಡು ದಿನ ಜ್ವರ ಬಂದು ಮಲಗಿದವರೂ ನಾವೇ. ಆದರೆ ಯಾವ ಮದ್ದು ಚುಚ್ಚಿದರು, ಯಾವತ್ತು ಚುಚ್ಚಿದರು, ಅದು ಎಲ್ಲಿಯತನಕ ನಡೆಯುತ್ತದೆ ಎಂದು ಹೇಳುವ ಕಾಗದ ಮಾತ್ರ ನಮ್ಮ ಭಾಷೆಯಲ್ಲಿಲ್ಲ!

‘ನಮಗೆ ಇಂಗ್ಲಿಷ್ ಬರುತ್ತದಲ್ಲ’ ಎನ್ನುತ್ತೀರಾ? ಬರುತ್ತದೆ, ಒಪ್ಪಿದೆ. ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಓದಿದವರು. ಆದರೆ ಜಮಖಂಡಿಯಲ್ಲಿರುವ ನಿಮ್ಮ ದೊಡ್ಡಪ್ಪನಿಗೆ? ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂತಿರುವ ನಿಮ್ಮ ಸೋದರಮಾವನಿಗೆ? ಮುಧೋಳದಿಂದ ಹಜ್ ಯಾತ್ರೆಗೆ ಹೊರಟ ನಿಮ್ಮ ಗೆಳೆಯನ ತಾಯಿಗೆ? ಅವರೂ ಇಂದು ವಿಮಾನ ಹತ್ತುತ್ತಿದ್ದಾರೆ. ಅವರ ಕೈಗೂ ಈ ಕಾಗದ ಬರುತ್ತದೆ. ‘ಸರ, ಇದರಾಗ ಏನ್ ಬರದಾರ್ರೀ?’ ಎಂದು ಅವರು ಯಾರ ಮುಂದೆ ಕೈಚಾಚಬೇಕು?

ಪರದೇಶಕ್ಕೆ ಹೋಗುವಾಗ ಒಯ್ಯುವ ಲಸಿಕೆಯ ದಾಖಲೆ ಬಲು ಸಣ್ಣ ವಿಷಯ ಎಂದು ನಮ್ಮ ಚಳವಳಿಯವರೂ ತಿಳಿದಿದ್ದಾರೆ. ಬೋರ್ಡಿನ ಮೇಲೆ ಕನ್ನಡ ಬೇಕು, ಬ್ಯಾಂಕಿನಲ್ಲಿ ಕನ್ನಡ ಬೇಕು, ರೈಲ್ವೆ ಪರೀಕ್ಷೆಯಲ್ಲಿ ಕನ್ನಡ ಬೇಕು. ಎಲ್ಲವೂ ಸರಿ. ಆದರೆ ನಮ್ಮ ದೇಹದ ಕಥೆ ಬರೆದ ಕಾಗದದಲ್ಲಿ ಕನ್ನಡ ಬೇಡವೇ?

2023ರ ಏಪ್ರಿಲ್ ನೆನಪಿದೆಯೇ?

2023ರ ಏಪ್ರಿಲ್ 15ರಂದು ಸೂಡಾನ್ ದೇಶದಲ್ಲಿ ಸೈನ್ಯದ ಎರಡು ಬಣಗಳು ಹೊಡೆದಾಟಕ್ಕೆ ಇಳಿದವು. ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. ಗಿಡಮೂಲಿಕೆಯ ಎಣ್ಣೆ ಮಾರಿಕೊಂಡು ಆಫ್ರಿಕದ ಊರೂರು ತಿರುಗುವ ಬಡವರು ಅವರು. 31 ಮಂದಿ ಅಲ್ಲಿದ್ದಾರೆ, ಕಾಪಾಡಿ ಎಂದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಏಪ್ರಿಲ್ 18ರಂದು ಬರೆದದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಮುಂದೆ ಕೇಂದ್ರ ಸರ್ಕಾರ ಭಾರತೀಯರನ್ನು ಕರೆತರುವ ಕೆಲಸಕ್ಕೆ ಕೈಹಾಕಿತು. ಅದಕ್ಕೆ ಇಟ್ಟ ಹೆಸರು ನಮ್ಮ ನದಿಯದೇ: ‘ಆಪರೇಷನ್ ಕಾವೇರಿ’.

ಏಪ್ರಿಲ್ 28ರಂದು ಸುಮಾರು 360 ಜನರನ್ನು ಹೊತ್ತ ವಿಮಾನ ಜೆಡ್ಡಾದಿಂದ ಬೆಂಗಳೂರಿಗೆ ಬಂದಿಳಿಯಿತು. ಗುಂಡಿನ ಸದ್ದು ಕೇಳಿ, ಊಟ ನೀರಿಲ್ಲದೆ ಬಳಲಿ, ಕೊನೆಗೂ ತಾಯ್ನೆಲ ಮುಟ್ಟಿದ ಜನ. ಅಲ್ಲಿ ಅವರಿಗೆ ಎದುರಾದ ಪ್ರಶ್ನೆ ಏನು? ‘ಹಳದಿ ಜ್ವರದ ಲಸಿಕೆ ಹಾಕಿಸಿದ್ದೀರಾ? ಕಾರ್ಡ್ ಎಲ್ಲಿ?’

ಇದ್ದವರು ಮನೆಗೆ ಹೋದರು. ಇಲ್ಲದವರನ್ನು ತಡೆದು ನಿಲ್ಲಿಸಿದರು. ಕೇಂದ್ರ ಆರೋಗ್ಯ ಇಲಾಖೆ ಆಗ ಕೊಟ್ಟ ಲೆಕ್ಕದ ಪ್ರಕಾರ, ಬೆಂಗಳೂರಿಗೆ ಬಂದ ಆ ವಿಮಾನದವರಲ್ಲಿ 47 ಮಂದಿಯನ್ನು ಮೊದಲಿಗೆ ಪ್ರತ್ಯೇಕವಾಗಿ ಇರಿಸಲಾಯಿತು. ಆ ಹೊತ್ತಿಗೆ ದೇಶಕ್ಕೆ ಮರಳಿದ್ದ 1191 ಜನರಲ್ಲಿ 117 ಮಂದಿ ಹೀಗೆ ಕ್ವಾರಂಟೈನಿನಲ್ಲಿದ್ದರು. ಯುದ್ಧ ದಾಟಿ ಬಂದವರು ಒಂದು ಹಳದಿ ಕಾಗದದ ಮುಂದೆ ನಿಂತುಬಿಟ್ಟರು!

ಅಧಿಕಾರಿಗಳು ದುಷ್ಟರೇ? ಅಲ್ಲ. ನಿಯಮ ತಪ್ಪೇ? ಅದೂ ಅಲ್ಲ. ಇದನ್ನು ಸಿಟ್ಟಿಲ್ಲದೆ ತಿಳಿದುಕೊಳ್ಳಬೇಕು. ತಿಳಿಯದೆ ಕೂಗಿದರೆ ನಮ್ಮ ಕೂಗಿಗೆ ಬೆಲೆ ಇರುವುದಿಲ್ಲ.

ಭಾರತಕ್ಕೆ ಯಾಕಿಷ್ಟು ಭಯ?

ಹಳದಿ ಜ್ವರ ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ರೋಗ. ನಮ್ಮ ದೇಶದಲ್ಲಿ ಅದು ಇಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಡೆಂಗಿ ಹರಡುವ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಯೇ ಅದು. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ನಮ್ಮ ಊರುಗಳಲ್ಲಿ ಜನ ಡ್ರಮ್ಮು, ಕೊಡ, ತೊಟ್ಟಿ ತುಂಬಿಟ್ಟುಕೊಳ್ಳುತ್ತಾರೆ. ಆ ನಿಂತ ನೀರಲ್ಲೇ ಅದು ಮೊಟ್ಟೆ ಇಡುತ್ತದೆ. ರೋಗಾಣು ಹೊತ್ತ ಒಬ್ಬ ಪ್ರಯಾಣಿಕ ಬಂದ, ಇಲ್ಲಿನ ಸೊಳ್ಳೆ ಅವನನ್ನು ಕಚ್ಚಿತು, ಆಮೇಲೆ ಇನ್ನೊಬ್ಬನನ್ನು ಕಚ್ಚಿತು ಎಂದರೆ ಕಥೆ ಮುಗಿಯಿತು. ಕೋಟ್ಯಂತರ ಜನರಿಗೆ ಈ ರೋಗದ ವಿರುದ್ಧ ಮೈಯಲ್ಲಿ ಯಾವ ರಕ್ಷಣೆಯೂ ಇಲ್ಲ. ಒಮ್ಮೆ ಹತ್ತಿದರೆ ಗುಣಪಡಿಸಲು ನೇರವಾದ ಔಷಧವೂ ಇಲ್ಲ.

ಅದಕ್ಕೇ ಬಾಗಿಲಲ್ಲಿ ಕಾವಲು. ರೋಗ ಮೈಯೊಳಗೆ ಸೇರಿದ ಮೇಲೆ ಹೊರಗೆ ಕಾಣಿಸಿಕೊಳ್ಳಲು ಆರು ದಿನದವರೆಗೆ ಬೇಕಾಗುತ್ತದೆ. ಹಾಗಾಗಿ ಪುರಾವೆ ಇಲ್ಲದವರನ್ನು ಆರು ದಿನದವರೆಗೆ ತಡೆದಿಡಲು ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ.

ಇದರಲ್ಲೊಂದು ಮೋಸದ ತಿರುವಿದೆ, ಗಮನವಿಟ್ಟು ಓದಿ. ಭಾರತದಿಂದ ಹೋಗುವವನನ್ನು ಕೆಲವು ದೇಶಗಳ ಬಾಗಿಲಲ್ಲಿ ಯಾರೂ ಈ ಕಾರ್ಡ್ ಕೇಳದೆ ಇರಬಹುದು. ‘ಕೇಳಲೇ ಇಲ್ಲ, ಬೇಕಾಗಿಯೇ ಇರಲಿಲ್ಲ’ ಎಂದು ಅವನು ನಿಶ್ಚಿಂತೆಯಿಂದ ಇರುತ್ತಾನೆ. ಮರಳಿ ಬರುವಾಗ ಕೇಳುವುದು ನಮ್ಮದೇ ವಿಮಾನ ನಿಲ್ದಾಣ! ಕೆನ್ಯಾ, ಉಗಾಂಡ, ಇಥಿಯೋಪಿಯ, ನೈಜೀರಿಯ, ಘಾನಾ, ಬ್ರೆಜಿಲ್ ಎಲ್ಲವೂ ಆ ಪಟ್ಟಿಯಲ್ಲಿವೆ. ಆಡಿಸ್ ಅಬಾಬಾದಲ್ಲೋ ನೈರೋಬಿಯಲ್ಲೋ ವಿಮಾನ ಬದಲಿಸಿ ಬರುವವರೂ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಇಷ್ಟನ್ನು ನಮ್ಮ ಜನಕ್ಕೆ ಕನ್ನಡದಲ್ಲಿ ಹೇಳಿದವರು ಯಾರು?

ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕಬ್ಬು, ಮಗ್ಗ, ಆಲಮಟ್ಟಿಯ ಹಿನ್ನೀರು. ಇಲ್ಲಿಂದ ಪರದೇಶಕ್ಕೆ ಹೋಗುವವರು ಯಾರು ಎಂದು ನಗಬೇಡಿ. ಮೂರು ಬಗೆಯವರನ್ನು ನೋಡೋಣ.

ಒಂದು, ಹಜ್ ಯಾತ್ರಿಕರು. ಸೌದಿ ಅರೇಬಿಯಕ್ಕೆ ಹೋಗುವ ಪ್ರತಿ ಯಾತ್ರಿಕರೂ ಮಿದುಳು ಪೊರೆಯ ಜ್ವರದ, ಅಂದರೆ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡಿರಬೇಕು. 1987ರ ಹಜ್ ಕಾಲದಲ್ಲಿ ಈ ರೋಗ ಹಬ್ಬಿ, ಯಾತ್ರಿಕರ ಜೊತೆ ದೇಶ ದೇಶಕ್ಕೆ ಹೋಯಿತು. 2000 ಮತ್ತು 2001ರಲ್ಲಿ ಇನ್ನೊಂದು ತಳಿಯದು ಹಬ್ಬಿತು. ಅಂದಿನಿಂದ ನಾಲ್ಕು ತಳಿಗಳಿಗೂ ತಡೆಯೊಡ್ಡುವ ಲಸಿಕೆಯೇ ಬೇಕು ಎಂಬ ನಿಯಮ ಬಂತು. ಅದನ್ನು ಸೌದಿ ತಲುಪುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಒಂದು ಬಗೆಯ ಲಸಿಕೆಯಾದರೆ ಮೂರು ವರ್ಷ, ಇನ್ನೊಂದು ಬಗೆಯದಾದರೆ ಐದು ವರ್ಷ ನಡೆಯುತ್ತದೆ. ಯಾವ ಬಗೆಯದು ಎಂದು ಕಾಗದದಲ್ಲಿ ಬರೆದಿರಬೇಕು. ಹಜ್ ಸಮಿತಿಯ ಮೂಲಕ ಹೋಗುವವರಿಗೆ ಶಿಬಿರ ನಡೆಸಿ ಲಸಿಕೆ ಹಾಕುತ್ತಾರೆ, ಪೋಲಿಯೋ ಹನಿಯನ್ನೂ ಕುಡಿಸುತ್ತಾರೆ. ಆದರೆ ಖಾಸಗಿ ಟೂರ್‌ನವರ ಮೂಲಕ ಉಮ್ರಾಗೆ ಹೊರಟ ಬನಹಟ್ಟಿಯ ಮುದುಕ-ಮುದುಕಿಗೆ ಯಾರು ಹೇಳುತ್ತಾರೆ? ಹತ್ತು ದಿನದ ಲೆಕ್ಕವನ್ನು ಅವರಿಗೆ ಯಾರು ಓದಿ ತಿಳಿಸುತ್ತಾರೆ?

ಎರಡು, ಓದಲು ಹೋಗುವ ಹುಡುಗ-ಹುಡುಗಿಯರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾಲೇಜು ಸೇರುವವರು ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಲಸಿಕೆಯ ಪುರಾವೆ ಕೊಡಲೇಬೇಕು ಎಂದು ಅಲ್ಲಿನ ಕಾನೂನು ಹೇಳುತ್ತದೆ. ದಡಾರದ್ದು ಎರಡು ಡೋಸ್ ಆಗಿರಬೇಕು. ಬೇರೆ ರಾಜ್ಯಗಳ ಬಹಳಷ್ಟು ವಿಶ್ವವಿದ್ಯಾಲಯಗಳೂ ಇದನ್ನೇ ಕೇಳುತ್ತವೆ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ರುಬೆಲ್ಲಾ ಸೇರಿದ್ದೇ 2017ರಲ್ಲಿ. ಆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಂಗಬಾವಿನ ಲಸಿಕೆ ಆ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ಅಂದರೆ ಬೀಳಗಿಯ ಹಳ್ಳಿಯಲ್ಲಿ ಹುಟ್ಟಿ, ಆರೋಗ್ಯ ಕೇಂದ್ರದ ನರ್ಸಮ್ಮ ಹಾಕಿದ ಎಲ್ಲ ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿಕೊಂಡ ಹುಡುಗಿಯ ಬಳಿಯೂ ಅಮೆರಿಕ ಕೇಳುವ ಪುರಾವೆ ಪೂರ್ತಿ ಇರುವುದಿಲ್ಲ! ಅದನ್ನು ಅವಳು ಹೊರಡುವ ಮೊದಲೇ ಹಾಕಿಸಿಕೊಳ್ಳಬೇಕು. ಚಿಕ್ಕಂದಿನ ಕಾರ್ಡ್ ಕಳೆದುಹೋಗಿದ್ದರೆ, ರಕ್ತ ಪರೀಕ್ಷೆ ಮಾಡಿಸಿ ಮೈಯಲ್ಲಿ ರಕ್ಷಣೆ ಇದೆ ಎಂದು ತೋರಿಸುವ ದಾರಿಯೂ ಉಂಟು.

ಮೂರು, ದುಡಿಯಲು ಹೋಗುವವರು. ಮುಧೋಳ-ಜಮಖಂಡಿ ಸಕ್ಕರೆಯ ಸೀಮೆ. ಇಲ್ಲಿನ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಆಗಿಯೋ ಫಿಟ್ಟರ್ ಆಗಿಯೋ ಕೆಮಿಸ್ಟ್ ಆಗಿಯೋ ಪಳಗಿದ ಕೈಗೆ ಕೆಲಸ ಇರುವುದು ಇಲ್ಲಿ ಮಾತ್ರವಲ್ಲ. ಉಗಾಂಡದಲ್ಲೂ ಇಥಿಯೋಪಿಯದಲ್ಲೂ ಸಕ್ಕರೆ ಕಾರ್ಖಾನೆಗಳಿವೆ. ಹಾಗೆ ಕೆಲಸ ಸಿಕ್ಕಿ ಹೊರಟವನೊಬ್ಬ ಇದ್ದಾನೆ ಎಂದುಕೊಳ್ಳಿ. ಅವನಿಗೆ ಬೇಕಾದ ಹಳದಿ ಜ್ವರದ ಲಸಿಕೆ ಊರಿನ ಮೆಡಿಕಲ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲೇ ಹಾಕಿಸಬೇಕು. ಅಂಥ ಕೇಂದ್ರ ಬೆಂಗಳೂರಿನಲ್ಲಿದೆ ಎಂದು ಯಾರೋ ಹೇಳಿದರೆ ಜಮಖಂಡಿಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಒಂದು ರಾತ್ರಿಯ ಬಸ್ಸು, ಒಂದು ದಿನದ ಕೂಲಿ, ಉಳಿಯಲು ಒಂದು ಲಾಡ್ಜು. ಚುಚ್ಚಿಸಿಕೊಂಡ ಮೇಲೂ ಹತ್ತು ದಿನ ಕಳೆಯದೆ ಆ ಕಾರ್ಡಿಗೆ ಬೆಲೆ ಬರುವುದಿಲ್ಲ. ನಾಳೆ ವಿಮಾನ, ಇವತ್ತು ಸೂಜಿ ಎಂದರೆ ನಡೆಯುವುದಿಲ್ಲ.

ಇಲ್ಲೇ ದಲ್ಲಾಳಿ ಕಾಣಿಸಿಕೊಳ್ಳುತ್ತಾನೆ. ‘ಸೂಜಿ ಯಾಕೆ, ದುಡ್ಡು ಕೊಡು, ಕಾರ್ಡ್ ಮಾಡಿಸಿ ಕೊಡ್ತೀನಿ’ ಎನ್ನುತ್ತಾನೆ. ನಂಬಬೇಡಿ! ನಕಲಿ ಕಾರ್ಡ್ ಸಿಕ್ಕಿಬಿದ್ದರೆ ಜೈಲು ಕಾಣುವವನು ಹೊತ್ತೊಯ್ದವನು, ದಲ್ಲಾಳಿಯಲ್ಲ. ಸಿಕ್ಕಿಬೀಳದಿದ್ದರೆ ಇನ್ನೂ ಕೆಟ್ಟದ್ದು, ಪ್ರಾಣಕ್ಕೇ ಕುತ್ತು. ಅಸಲಿ ಲಸಿಕೆಗಾದರೋ ಒಂದೇ ಡೋಸ್ ಸಾಕು. 2016ರ ಜುಲೈ 11ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿದ್ದ ಹಳೆಯ ನಿಯಮ ಹೋಯಿತು. ಈ ಮಾತು ಗೊತ್ತಿಲ್ಲದ ಜನಕ್ಕೆ ಎರಡನೇ ಸಲ ಸೂಜಿ ಹಾಕಿಸಲು ಹೇಳುವವರಿದ್ದರೆ ಎಚ್ಚರ.

ಒಂದು ಅಕ್ಷರ ತಪ್ಪಿದರೂ...

ನಮ್ಮ ಕಡೆಯ ಹೆಸರು ನೋಡಿ. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಕನ್ನಡದಲ್ಲಿ ಬರೆದರೆ ಒಂದೇ ರೀತಿ. ಇಂಗ್ಲಿಷಿಗೆ ಇಳಿಸಿದ ಕೂಡಲೇ ನೂರು ರೀತಿ! ಬಸವರಾಜನ ‘ವ’ಕ್ಕೆ ಒಬ್ಬ ಗುಮಾಸ್ತ ‘ವಿ’ ಹಾಕಿದ, ಇನ್ನೊಬ್ಬ ‘ಡಬ್ಲ್ಯೂ’ ಹಾಕಿದ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಕೊನೆಗೆ, ಆಸ್ಪತ್ರೆಯಲ್ಲಿ ಮೊದಲಿಗೆ. ಜಮಖಂಡಿಯ ‘ಮ’ದ ಮುಂದೆ ‘ಎ’ ಇದೆಯೋ ಇಲ್ಲವೋ, ಬೀಳಗಿಯ ‘ಳ’ದ ಮುಂದೆ ಇನ್ನೊಂದು ಅಕ್ಷರ ಇದೆಯೋ ಇಲ್ಲವೋ, ಬರೆದವನಿಗೇ ಗೊತ್ತು.

ಇದು ತಮಾಷೆಯಲ್ಲ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಎಂಬ ಒಪ್ಪಂದವಿದೆ. 2005ರಲ್ಲಿ ಒಪ್ಪಿದ್ದು, 2007ರ ಜೂನ್ 15ರಿಂದ ಜಾರಿಗೆ ಬಂದದ್ದು. ಭಾರತವೂ ಅದಕ್ಕೆ ಬದ್ಧ. ಅದರ ಆರನೆಯ ಅನುಬಂಧದಲ್ಲಿ ಈ ಹಳದಿ ಪುಸ್ತಕ ಹೇಗಿರಬೇಕು ಎಂದು ಬರೆದಿದ್ದಾರೆ. ತಿದ್ದಿದ್ದರೆ, ಅಳಿಸಿದ್ದರೆ, ಒಂದು ಜಾಗ ಖಾಲಿ ಬಿಟ್ಟಿದ್ದರೆ ಆ ಪತ್ರ ಅಸಿಂಧುವಾಗಬಹುದು. ವೈದ್ಯರ ಕೈಬರಹದ ಸಹಿ ಇರಲೇಬೇಕು, ಸೀಲು ಒತ್ತಿದರೆ ಸಹಿಗೆ ಬದಲಾಗುವುದಿಲ್ಲ. ಸೀಲು ಬೇರೆ, ಸಹಿ ಬೇರೆ, ಎರಡೂ ಬೇಕು. ಲಸಿಕೆ ತಯಾರಿಸಿದವರ ಹೆಸರು, ಬ್ಯಾಚ್ ನಂಬರ್ ಬೇಕು. ಗಂಡ-ಹೆಂಡತಿ-ಮಕ್ಕಳಿಗೆಲ್ಲ ಸೇರಿ ಒಂದೇ ಪುಸ್ತಕ ನಡೆಯದು, ಒಬ್ಬೊಬ್ಬರಿಗೂ ಒಂದೊಂದು. ತಿಂಗಳನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆಯಬೇಕು. ‘3-4’ ಎಂದು ಬರೆದರೆ ನಮಗೆ ಏಪ್ರಿಲ್ 3, ಅಮೆರಿಕದವನಿಗೆ ಮಾರ್ಚ್ 4!

ಈ ತಪ್ಪುಗಳನ್ನು ಅಲ್ಲೇ, ಆ ಟೇಬಲ್ಲಿನ ಮುಂದೆಯೇ ಹಿಡಿಯಬೇಕು. ಹಿಡಿಯಬೇಕಾದರೆ ಓದಲು ಬರಬೇಕು. ಓದಲು ಬರಬೇಕಾದರೆ ತನ್ನ ಭಾಷೆಯಲ್ಲಿರಬೇಕು. ಇಷ್ಟೇ ನಮ್ಮ ವಾದ.

ಕಾನೂನೇ ಬಾಗಿಲು ತೆರೆದಿದೆ

‘ಅದು ಅಂತರರಾಷ್ಟ್ರೀಯ ಕಾಗದ ಸ್ವಾಮಿ, ಅದರಲ್ಲಿ ಎಲ್ಲಿಯ ಕನ್ನಡ?’ ಎಂದು ಮೂಗು ಮುರಿಯುವವರು ನಮ್ಮವರಲ್ಲೇ ಇದ್ದಾರೆ. ಅವರಿಗೆ ಇದೇ ಆರನೆಯ ಅನುಬಂಧವನ್ನು ತೋರಿಸಿ. ಅಲ್ಲಿ ಏನಿದೆ? ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ಇಲ್ಲವೇ ಫ್ರೆಂಚಿನಲ್ಲಿ ಪೂರ್ತಿಯಾಗಿ ತುಂಬಬೇಕು ಎಂದಿದೆ. ಅಷ್ಟಕ್ಕೇ ನಿಂತಿಲ್ಲ. ಅದರ ಜೊತೆಗೆ ಮತ್ತೊಂದು ಭಾಷೆಯಲ್ಲೂ ತುಂಬಬಹುದು ಎಂದಿದೆ!

ಮತ್ತೊಂದು ಭಾಷೆ! ಅದು ಕನ್ನಡವಾಗಬಾರದು ಎಂದು ಯಾವ ಜಿನೀವಾದವರೂ ಹೇಳಿಲ್ಲ. ತಡೆದಿರುವುದು ನಮ್ಮ ಕಚೇರಿಗಳ ಸೋಮಾರಿತನ, ನಮ್ಮ ಜನರ ಮೌನ. ನಿಮ್ಮ ಮನೆಯಲ್ಲಿ ಈ ಪುಸ್ತಕವಿದ್ದರೆ ಇವತ್ತೇ ತೆರೆದು ನೋಡಿ, ಅದರಲ್ಲಿ ಎಷ್ಟು ಸಾಲು ಕನ್ನಡವಿದೆ ಎಂದು ಎಣಿಸಿ. ನಮ್ಮ ಬಾವುಟದ ಅರ್ಧ ಬಣ್ಣ ಹೊತ್ತ ಪುಸ್ತಕ, ಒಳಗೆ ನಮ್ಮ ಅಕ್ಷರಕ್ಕೆ ಜಾಗವಿಲ್ಲ!

ಅದೇ ನಿಯಮ ಇನ್ನೂ ಒಂದು ಮಾತು ಹೇಳುತ್ತದೆ. ಅಕ್ಷರ ಬಾರದವರು ಗುರುತು ಹಾಕಬಹುದು, ಅದು ಅವರದೇ ಗುರುತು ಎಂದು ಇನ್ನೊಬ್ಬರು ಬರೆಯಬೇಕು. ಮಕ್ಕಳ ಪರವಾಗಿ ತಂದೆ ತಾಯಿ ಇಲ್ಲವೇ ಪೋಷಕರು ಸಹಿ ಹಾಕಬಹುದು. ಲಸಿಕೆ ತಾಳದ ದೇಹಸ್ಥಿತಿ ಇರುವವರಿಗೆ ವೈದ್ಯರು ಕಾರಣ ಬರೆದು ಪತ್ರ ಕೊಡಬಹುದು. ಅಂದರೆ ಜಗತ್ತು ಹೆಬ್ಬೆಟ್ಟಿನವರನ್ನೂ ಲೆಕ್ಕಕ್ಕೆ ಹಿಡಿದಿದೆ. ನಾವು ಮಾತ್ರ ಕನ್ನಡ ಬಲ್ಲವರನ್ನು ಹೆಬ್ಬೆಟ್ಟಿನವರನ್ನಾಗಿ ಮಾಡುತ್ತಿದ್ದೇವೆ!

ಸಹಿಯ ಮಾತು ಬಂದಾಗ ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿನಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಹಳದಿ ಪುಸ್ತಕದಲ್ಲೂ ಕನ್ನಡದಲ್ಲೇ ಮಾಡಿ. ಸಹಿಗೆ ಭಾಷೆಯ ಕಟ್ಟಳೆ ಇಲ್ಲ. ಎರಡೂ ಒಂದೇ ರೀತಿ ಇರಬೇಕು, ಅಷ್ಟೆ.

ಕಾಗದದ ಗುಲಾಮಗಿರಿ ಈ ನೆಲಕ್ಕೆ ಹೊಸತಲ್ಲ

ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನವಿತ್ತು, ಮುಧೋಳದಲ್ಲಿ ಘೋರ್ಪಡೆಯವರದು. ರನ್ನ ಹುಟ್ಟಿದ ಸೀಮೆಯಲ್ಲಿ ದಫ್ತರದ ಕಾಗದ ಮರಾಠಿಯದು, ಮೋಡಿ ಲಿಪಿಯದು. ಹೊಲ ಉತ್ತವನು ಕನ್ನಡಿಗ, ಅವನ ಹೊಲದ ಕಾಗದ ಓದುವವನು ಇನ್ನೊಬ್ಬ. ಏನು ಬರೆದರೋ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದೇ ನಮ್ಮ ಅಜ್ಜಂದಿರ ಪಾಲಿಗೆ ಬಂದದ್ದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು, 1956ರ ನವೆಂಬರ್ 1ರಂದು ಈ ನೆಲ ಕನ್ನಡನಾಡಿಗೆ ಸೇರಿತು. ಆ ದಿನಕ್ಕಾಗಿ ಹಿರಿಯರು ಹೋರಾಡಿದ್ದು ನಕ್ಷೆಯ ಗೆರೆಗಾಗಿ ಮಾತ್ರವಲ್ಲ, ತನ್ನ ಕಾಗದವನ್ನು ತಾನೇ ಓದುವ ಹಕ್ಕಿಗಾಗಿ.

ರೋಗಕ್ಕೆ ಕಾಗದ ಕೇಳುವುದೂ ಹೊಸತಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ನುಗ್ಗಿದಾಗ ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಸಾವಿರ ಸಾವಿರ ಜನ ಹಾಕಿಸಿಕೊಂಡರು. ಅದೇ ಕಾಲಕ್ಕೆ ಮದರಾಸು ಪ್ರಾಂತ್ಯದಲ್ಲಿ ರೋಗದ ಊರಿಂದ ಬಂದವರ ಕೈಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಟ್ಟು ದಿನದಿನವೂ ಹಾಜರಿ ಹಾಕಿಸುತ್ತಿದ್ದರು. ಮುಂದೆ ಸಿಡುಬಿನ ಪತ್ರ ಬಂತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತು ಎಂದು ಸಾರಿದ ಮೇಲೆ ಆ ಪತ್ರವೂ ಹೋಯಿತು. ಲಸಿಕೆ ಗೆದ್ದರೆ ಕಾಗದ ತಾನಾಗಿಯೇ ಸಾಯುತ್ತದೆ. ಅಲ್ಲಿಯವರೆಗೆ ಕಾಗದ ಇರುತ್ತದೆ. ಇರುವಷ್ಟು ಕಾಲ ಅದು ನಮ್ಮ ಭಾಷೆಯಲ್ಲೂ ಇರಲಿ.

ನಿಮ್ಮ ಕಾಲದ ಉದಾಹರಣೆ ಬೇಕೇ? 2021. ಕೊರೋನಾ ಲಸಿಕೆಗೆ ಹೆಸರು ಬರೆಸುವ ಕೋವಿನ್ ವ್ಯವಸ್ಥೆ ಜನರಿಗೆ ತೆರೆದುಕೊಂಡಾಗ ಅದು ಇಂಗ್ಲಿಷಿನಲ್ಲಿತ್ತು. ಕನ್ನಡ ಸೇರಿದಂತೆ ನಮ್ಮ ಭಾಷೆಗಳು ಬಂದದ್ದು ಆ ವರ್ಷದ ಜೂನ್ ಹೊತ್ತಿಗೆ. ಅಷ್ಟರಲ್ಲಿ ಎರಡನೇ ಅಲೆ ಮನೆಮನೆ ಹೊಕ್ಕು ಹೊರಟಿತ್ತು! ಅದೇ ವರ್ಷ ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್ ಹಾಕಿಸಿಕೊಂಡವರ ಪ್ರಮಾಣಪತ್ರವನ್ನು ಬ್ರಿಟನ್ ಒಪ್ಪಲಿಲ್ಲ. ಭಾರತವೂ ತಿರುಗಿಬಿದ್ದು ಬ್ರಿಟನ್ನಿನವರಿಗೆ ಹತ್ತು ದಿನದ ಕ್ವಾರಂಟೈನ್ ವಿಧಿಸಿತು. ಅಕ್ಟೋಬರ್ 11ರಿಂದ ಬ್ರಿಟನ್ ಮಣಿಯಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ನವೆಂಬರ್ 3ರವರೆಗೆ ಕಾದರು. ಈಗ ಆ ಕೊರೋನಾ ಪತ್ರವನ್ನು ಹೆಚ್ಚುಕಡಿಮೆ ಎಲ್ಲ ದೇಶಗಳೂ ಕೈಬಿಟ್ಟಿವೆ. ಆದರೆ ಅಂದು ಕಲಿತ ಪಾಠ ಕೈಬಿಡಬಾರದು: ಪ್ರಶ್ನೆ ಕೇಳಿದವರಿಗೆ ದಾರಿ ಬಿಡುತ್ತಾರೆ, ಸುಮ್ಮನಿದ್ದವರನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ.

ಕನ್ನಡದಲ್ಲಿ ಹೇಳಿದರೆ ಏನಾಗುತ್ತದೆ?

ಪೋಲಿಯೋ ನೋಡಿ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಆಗ ಸರ್ಕಾರ ಇಂಗ್ಲಿಷಿನಲ್ಲಿ ಮಾತಾಡಿತೇ? ಇಲ್ಲ! ಗೋಡೆಯ ಮೇಲೆ ಕನ್ನಡ, ರೇಡಿಯೋದಲ್ಲಿ ಕನ್ನಡ, ಆಟೋಗೆ ಕಟ್ಟಿದ ಮೈಕಿನಲ್ಲಿ ಕನ್ನಡ, ಮನೆ ಬಾಗಿಲಿಗೆ ಬಂದ ಕಾರ್ಯಕರ್ತೆಯ ಬಾಯಲ್ಲಿ ಕನ್ನಡ. ಎರಡು ಹನಿಯ ಮಾತು ಓದು ಬಾರದ ತಾಯಿಗೂ ತಿಳಿಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ನಾವಿರುವ ಆಗ್ನೇಯ ಏಷ್ಯಾ ವಲಯವೇ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು.

ನಮ್ಮ ಮಕ್ಕಳ ಬಾಯಿಗೆ ಹನಿ ಹಾಕುವಾಗ ಕನ್ನಡ ಬೇಕಿತ್ತು. ನಾವು ವಿಮಾನ ಹತ್ತುವಾಗ ಕನ್ನಡ ಬೇಡವಾಯಿತೇ?

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಈ ಕಾಗದದಿಂದ ಇಂಗ್ಲಿಷನ್ನು ಅಳಿಸಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮವರೇ ನೈರೋಬಿಯಲ್ಲೋ ಜೆಡ್ಡಾದಲ್ಲೋ ಒದ್ದಾಡುತ್ತಾರೆ. ಅಲ್ಲಿನ ಅಧಿಕಾರಿಗೆ ಇಂಗ್ಲಿಷ್ ಬೇಕು, ಇರಲಿ. ಹೊತ್ತವನಿಗೆ ಕನ್ನಡ ಬೇಕು, ಅದೂ ಇರಲಿ. ಬೋರ್ಡಿಗೆ ಮಸಿ ಬಳಿಯುವ ಹೋರಾಟ ಇದಲ್ಲ, ಖಾಲಿ ಜಾಗದಲ್ಲಿ ಅಕ್ಷರ ಬರೆಸುವ ಹೋರಾಟ.

ನಮ್ಮ ಹಕ್ಕೊತ್ತಾಯ

1. ಕರ್ನಾಟಕದ ಕೇಂದ್ರಗಳಲ್ಲಿ ಕೊಡುವ ಹಳದಿ ಪುಸ್ತಕದಲ್ಲಿ ಇಂಗ್ಲಿಷಿನ ಜೊತೆ ಕನ್ನಡವೂ ಅಚ್ಚಾಗಲಿ. ಅಂತರರಾಷ್ಟ್ರೀಯ ನಿಯಮ ಅದನ್ನು ತಡೆಯುವುದಿಲ್ಲ.

2. ಯಾವ ದೇಶಕ್ಕೆ ಯಾವ ಲಸಿಕೆ, ಎಷ್ಟು ದಿನ ಮೊದಲು, ಎಲ್ಲಿ ಹಾಕಿಸಬೇಕು ಎಂಬ ಕನ್ನಡದ ಫಲಕ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿ. ಜಮಖಂಡಿಯಲ್ಲಿ, ಮುಧೋಳದಲ್ಲಿ, ಬೀಳಗಿಯಲ್ಲಿ, ರಬಕವಿ-ಬನಹಟ್ಟಿಯಲ್ಲಿ.

3. ಬಾಗಲಕೋಟೆ ಜಿಲ್ಲೆಯ ಜನ ಬೆಳಗ್ಗೆ ಹೊರಟು ಸಂಜೆಗೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ ಹಳದಿ ಜ್ವರದ ಲಸಿಕಾ ಕೇಂದ್ರವ ಇರಬೇಕು. ರಾಜ್ಯ ಸರ್ಕಾರ ಇದನ್ನು ಕೇಂದ್ರದಿಂದ ಕೇಳಿ ಪಡೆಯಲಿ.

4. ಬೆಂಗಳೂರು ವಿಮಾನ ನಿಲ್ದಾಣದ ಆರೋಗ್ಯ ತಪಾಸಣೆಯ ಜಾಗದಲ್ಲಿ ದಿನದ ಎಲ್ಲ ಹೊತ್ತಿನಲ್ಲೂ ಕನ್ನಡ ಬಲ್ಲವರು ಇರಲಿ. ಪ್ರತ್ಯೇಕ ಇರಿಸುವವರಿಗೆ ಕಾರಣ, ಅವಧಿ, ಹಕ್ಕು ಮೂರನ್ನೂ ಕನ್ನಡದಲ್ಲಿ ಬರೆದು ಕೊಡಲಿ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಕಪಾಟಿನಲ್ಲಿಟ್ಟು ಪೂಜೆ ಮಾಡಲು ಬಂದದ್ದಲ್ಲ. ರಾಜ್ಯದ ಕೈಯಲ್ಲಿರುವ ಎರಡನೆಯ ಬೇಡಿಕೆಯನ್ನಾದರೂ ಈ ತಿಂಗಳೇ ಈಡೇರಿಸಬಹುದು. ಒಂದು ಫಲಕಕ್ಕೆ ಎಷ್ಟು ಬಣ್ಣ ಬೇಕು?

ನೀವೇನು ಮಾಡಬೇಕು?

ಸರ್ಕಾರ ಕಣ್ಣು ಬಿಡುವವರೆಗೆ ಕೈಕಟ್ಟಿ ಕೂರುವುದು ಬೇಡ. ಮುಂದಿನ ಸಲ ಊರಿಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಟ್ರಂಕಿನಲ್ಲಿರುವ ತಾಯಿ ಕಾರ್ಡ್, ಲಸಿಕೆ ಚೀಟಿ ಹುಡುಕಿ ತೆಗೆಯಿರಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಅದು ಕನ್ನಡದಲ್ಲಿದ್ದರೆ ಎಸೆಯಬೇಡಿ, ವೈದ್ಯರ ಬಳಿ ಹೋಗಿ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಸೀಲು ಹಾಕಿಸಿ, ಎರಡನ್ನೂ ಜೊತೆಗಿಡಿ. ಓಣಿಯಲ್ಲಿ ಯಾರಾದರೂ ಹಜ್‌ಗೆ, ಉಮ್ರಾಗೆ, ಆಫ್ರಿಕಕ್ಕೆ, ಅಮೆರಿಕಕ್ಕೆ ಹೊರಟಿದ್ದರೆ ಅವರ ಮನೆಗೆ ನೀವಾಗಿಯೇ ಹೋಗಿ. ಪಾಸ್‌ಪೋರ್ಟಿನ ಹೆಸರಿಗೂ ಲಸಿಕೆ ಪುಸ್ತಕದ ಹೆಸರಿಗೂ ಅಕ್ಷರ ಅಕ್ಷರ ತಾಳೆ ನೋಡಿ. ತಾರೀಕು ನೋಡಿ, ಸಹಿ ನೋಡಿ, ಹತ್ತು ದಿನದ ಲೆಕ್ಕ ಹಾಕಿ. ಪುಸ್ತಕವನ್ನು ಲಗೇಜಿನ ಪೆಟ್ಟಿಗೆಗೆ ಹಾಕಬಾರದು, ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಇರಬೇಕು ಎಂದು ಹೇಳಿ.

ಲಸಿಕೆಯ ಟೇಬಲ್ಲಿನ ಮುಂದೆ ನಿಂತಾಗ ಒಂದೇ ಒಂದು ಮಾತು ಕೇಳಿ: ‘ಇದರಲ್ಲಿ ಕನ್ನಡ ಎಲ್ಲಿದೆ?’ ಜಗಳ ಬೇಡ, ನಗುನಗುತ್ತಲೇ ಕೇಳಿ. ಒಬ್ಬ ಕೇಳಿದರೆ ಹುಚ್ಚ ಎನ್ನುತ್ತಾರೆ. ಹತ್ತು ಜನ ಕೇಳಿದರೆ ಮೇಲಿನವರಿಗೆ ಬರೆಯುತ್ತೇವೆ ಎನ್ನುತ್ತಾರೆ. ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಗೋಕಾಕ್ ಚಳವಳಿಯ ಕಾಲದಿಂದ ನಾವು ಕಂಡ ಸತ್ಯ ಇದು.

ಲಸಿಕೆ ಹಾಕಿಸಿಕೊಳ್ಳಿ. ಪುರಾವೆ ಜೊತೆಗಿಟ್ಟುಕೊಳ್ಳಿ. ಆ ಪುರಾವೆ ನಮ್ಮ ಅಕ್ಷರದಲ್ಲೂ ಇರಲಿ ಎಂದು ಬಿಡದೆ ಕೇಳಿ.